ಸುಣ್ಣದ ಕೆಳಗಿನ ಮಗು

ಪೇಂಟರ್ ಲಕ್ಷ್ಮಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಯಶಶ್ರೀ, ಮೂವತ್ತನಾಲ್ಕರ ಬಾಣಂತಿ. ಚೊಚ್ಚಲ ಹೆರಿಗೆಗೆಂದು ಗವಿಪುರದ ತೌರುಮನೆಗೆ ಬಂದು, ಎರಡೂವರೆ ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಇನ್ನೊಬ್ಬಳಿಗೆ ಹೆಸರೂ ಇಲ್ಲ, ವಯಸ್ಸೂ ಆಗುವುದಿಲ್ಲ. ಅವಳು ಚಾಮರಾಜಪೇಟೆಯಲ್ಲಿ ಶೀನಣ್ಣನವರ ಮೆಡಿಕಲ್ ಶಾಪಿನ ಪಕ್ಕದ ಗೋಡೆಯ ಮೇಲೆ, ಸುಣ್ಣದ ಕೆಳಗೆ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಿದ್ದೆ ಹೋಗಿದ್ದಳು. ಹೇಳಿದರೆ ಜನ ನಗುತ್ತಾರೆಂದು ಈ ಎರಡನೆಯವಳ ವಿಷಯವನ್ನು ಲಕ್ಷ್ಮಯ್ಯ ಯಾರ ಹತ್ತಿರವೂ ಎತ್ತಿದವನಲ್ಲ. ನಗುವವರು ನಗಲಿ ಬಿಡಿ.

ಕನಕಪುರದ ಕಡೆಯ ಹಳ್ಳಿಯಿಂದ ಬಂದ ಹುಡುಗ ಅವನು. ಮೆಜೆಸ್ಟಿಕ್ಕಿನ ಟಾಕೀಸುಗಳಿಗೆ ಬ್ಯಾನರ್ ಬರೆಯುತ್ತಿದ್ದ ಸೋದರಮಾವನ ಕೈಕೆಳಗೆ ಬಣ್ಣ ಕಲಸುವುದನ್ನು ಕಲಿತ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಲಕ್ಷ್ಮಯ್ಯನ ಕೈ ದಿನಕ್ಕೆ ಏಳು ಬಣ್ಣವಾದರೂ ಬಾಯಿಗೆ ಮೊಸರು ಅಷ್ಟಕ್ಕಷ್ಟೇ. ಆದರೆ ಕೆನ್ನೆ ತಿದ್ದುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಸೊರಗಿದ ನಾಯಕಿಯ ಮುಖಕ್ಕೆ ಅವನು ಎರಡು ಸಲ ಬ್ರಷ್ ಆಡಿಸಿದರೆ ಸಾಕು, ಹಬ್ಬದೂಟ ಉಂಡು ಎದ್ದವಳ ಹಾಗೆ ಕಾಣುತ್ತಿದ್ದಳು. ಇಂಗ್ಲಿಷ್ ಅಕ್ಷರಗಳಂತೂ ಅವನಿಗೆ ರಂಗೋಲಿ ಇದ್ದ ಹಾಗೆ. ಎಳೆ ತಪ್ಪುತ್ತಿರಲಿಲ್ಲ, ಅರ್ಥ ಕೇಳುತ್ತಿರಲಿಲ್ಲ. ಆಳೆತ್ತರದ ಅಕ್ಷರ ಬೇಕೇ, ಸಾಸಿವೆ ಕಾಳಿನಷ್ಟು ಬೇಕೇ, ಚೀಟಿ ಕೊಟ್ಟರೆ ಗೋಡೆಯ ಮೇಲೆ ಅಚ್ಚು ಹೊಡೆದಂತೆ ಇಳಿಸಿಬಿಡುತ್ತಿದ್ದ.

ಯಶಶ್ರೀ ನಾಲ್ಕು ತಿಂಗಳ ಕೂಸಾಗಿದ್ದಾಗ, ತೊಂಬತ್ತೊಂದರಲ್ಲಿ, ಮಕ್ಕಳ ಹಾಲಿನ ಪುಡಿಯ ಕಂಪನಿಯೊಂದರ ಏಜೆಂಟ್ ಅವನನ್ನು ಹುಡುಕಿಕೊಂಡು ಬಂದ. ಶೀನಣ್ಣನವರ ಅಂಗಡಿಯ ಗೋಡೆ ತುಂಬ ಒಂದು ಡಬ್ಬಿ, ಡಬ್ಬಿಯ ಪಕ್ಕದಲ್ಲಿ ಚಮಚ ಹಿಡಿದು ನಗುವ ಒಂದು ಮಗು ಬೇಕಾಗಿತ್ತು. ಮಾದರಿಗೆಂದು ಕೊಟ್ಟ ಚಿತ್ರದಲ್ಲಿ ನೀಲಿ ಕಣ್ಣಿನ, ಹೊನ್ನಿನ ಕೂದಲಿನ ಪರದೇಶದ ಕೂಸಿತ್ತು.

ಶೀನಣ್ಣ ಮೂಗಿನ ತುದಿಯಲ್ಲಿದ್ದ ಕನ್ನಡಕ ಸರಿಮಾಡಿಕೊಂಡು ನೋಡಿ ನಕ್ಕರು. "ಈ ದೊರೆಮಗು ನಮ್ಮ ಪೇಟೆಗೆ ಒಗ್ಗಲ್ಲ ಕಣಪ್ಪ ಲಕ್ಷ್ಮಯ್ಯ. ನಮ್ಮ ಕಡೆ ಕೂಸು ಬರಿ. ನಿಮ್ಮನೇಲೇ ಒಂದಿದೆಯಲ್ಲ."

"ಅದನ್ನೇ ಬರೀತೀನಿ ಸ್ವಾಮಿ," ಎಂದ ಲಕ್ಷ್ಮಯ್ಯ.

"ಕೆನ್ನೆ ಮಾತ್ರ ಜೋರಾಗಿರ್ಬೇಕು," ಎಂದ ಏಜೆಂಟ್. ಹೋಗುವಾಗ ಪುಕ್ಕಟೆಯಾಗಿ ಮೂರು ಡಬ್ಬಿ ಹಾಲಿನ ಪುಡಿಯನ್ನೂ ಒಂದು ಬಾಟಲಿಯನ್ನೂ ಕೈಗಿಟ್ಟು ಹೋದ.

ಪುಕ್ಕಟೆ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಜನ ನಾವು. ಲಕ್ಷ್ಮಯ್ಯನ ಹೆಂಡತಿ ವಿಶಾಲಮ್ಮ ಆ ದಿನಗಳಲ್ಲಿ ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಹೊಸೆಯುವ ಕೈಯನ್ನು ನಡುವೆ ತೊಳೆದು ಮಗುವಿಗೆ ಹಾಲೂಡಿಸುವುದಕ್ಕಿಂತ ಬಾಟಲಿ ಸಲೀಸಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಡಾಕ್ಟರ ಮನೆಯ ಮಕ್ಕಳು ಕುಡಿಯುವುದನ್ನು ತನ್ನ ಮಗಳೂ ಕುಡಿಯುತ್ತಾಳೆಂಬ ಹೆಮ್ಮೆ. ಮಗು ಬಾಟಲಿಗೆ ಒಗ್ಗಿಕೊಂಡಿತು. ಚೀಪುವ ಬಾಯಿ ತಪ್ಪಿದ ಮೇಲೆ ಎದೆಹಾಲು ಹಿಂದೆ ಸರಿಯಿತು. ಅಷ್ಟರಲ್ಲಿ ಪುಕ್ಕಟೆ ಡಬ್ಬಿಗಳೂ ಮುಗಿದವು. ಕೊಂಡು ತಂದ ಡಬ್ಬಿ ತಿಂಗಳ ಕೊನೆಯವರೆಗೆ ಬರಬೇಕಲ್ಲ, ಪುಡಿ ಕಡಿಮೆಯಾಗುತ್ತ ನೀರು ಹೆಚ್ಚಾಗುತ್ತ ಬಂತು. ಎಷ್ಟು ಕುದಿಸಿ ಆರಿಸಿದ ನೀರಿಗೆ ಎಷ್ಟು ಚಮಚ ಪುಡಿ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಅಕ್ಷರಗಳನ್ನು ಲಕ್ಷ್ಮಯ್ಯ ಕಣ್ಣು ಮುಚ್ಚಿಕೊಂಡು ಬರೆಯಬಲ್ಲವನಾಗಿದ್ದ. ಓದಲು ಮಾತ್ರ ಬರುತ್ತಿರಲಿಲ್ಲ.

ಅವು ಕನಸಿನಂಥ ದಿನಗಳು, ಒಳ್ಳೆಯ ಕನಸಲ್ಲ. ಬೆಳಿಗ್ಗೆ ಸಾರವೆ ಹತ್ತಿ ನಿಂತರೆ ಕೆಳಗಿನ ಬೀದಿಯಿಂದ ಊದಿನಕಡ್ಡಿಯ ಪರಿಮಳ ಏಳುತ್ತಿತ್ತು, ಹೂವಿನವಳ ಕೂಗು ಎಲ್ಲೋ ನೀರಿನೊಳಗಿನಿಂದ ಬಂದ ಹಾಗೆ ಕೇಳಿಸುತ್ತಿತ್ತು. ಗೋಡೆಯ ಮಗು ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದರೆ ತೊಟ್ಟಿಲ ಮಗುವಿನ ತೋಳು ಇನ್ನಷ್ಟು ಕಡ್ಡಿಯಾಗಿರುತ್ತಿತ್ತು. ಒಂದರ ಕೆನ್ನೆಯಿಂದ ಕಿತ್ತು ಇನ್ನೊಂದರ ಕೆನ್ನೆಗೆ ಮೆತ್ತುತ್ತಿದ್ದೇನೋ ಎಂದು ಅವನಿಗೆ ದಿಗಿಲಾಗುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಆದರೂ ಮರುದಿನ ಏಣಿ ಹತ್ತಿ ಗುಲಾಬಿ ಬಣ್ಣಕ್ಕೆ ಬ್ರಷ್ ಅದ್ದುತ್ತಿದ್ದ. ಏಜೆಂಟ್ ದಿನಾ ಬಂದು ನೋಡುತ್ತಿದ್ದ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದ.

ಚಿತ್ರ ಮುಗಿದ ವಾರವೇ ಮಗುವಿಗೆ ಭೇದಿ ಹಿಡಿಯಿತು. ಕೋಟೆಯ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ಉಳಿಸಿದರು. ಡಾಕ್ಟರಮ್ಮ ಗಂಡಹೆಂಡಿರಿಬ್ಬರಿಗೂ ಚೆನ್ನಾಗಿ ಬೈದರು. ಆಮೇಲೆ ರಾಗಿಸರಿ, ತಿಳಿಸಾರು ಕಲಸಿದ ಅನ್ನ, ಬೇಯಿಸಿ ಕಿವುಚಿದ ಬಾಳೆಹಣ್ಣು ಎನ್ನುತ್ತ ಕೂಸು ನಿಧಾನವಾಗಿ ಚೇತರಿಸಿಕೊಂಡಿತು. ಫೋಟೊ ಮಾತ್ರ ತೆಗೆಸಲಿಲ್ಲ. ಮೈ ತುಂಬದ ಮಗುವನ್ನು ಸ್ಟುಡಿಯೋಕ್ಕೆ ಕರೆದೊಯ್ಯುವುದುಂಟೇ? ಸ್ವಲ್ಪ ತುಂಬಿಕೊಳ್ಳಲಿ, ಆಮೇಲೆ ನೋಡೋಣ ಎಂದು ಮುಂದೂಡುತ್ತ ಹೋಗಿ, ಯಶಶ್ರೀಯ ಮೊದಲ ಫೋಟೊ ಬಾಲವಾಡಿಯದು.

ಅದರ ಬದಲಿಗೆ ಗೋಡೆಯಿತ್ತು. ವಿಶಾಲಮ್ಮ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಚಾಮರಾಜಪೇಟೆಗೆ ಬಂದಾಗಲೆಲ್ಲ, "ನೋಡು, ಅಲ್ನೋಡು ನೀನು!" ಎಂದು ತೋರಿಸುತ್ತಿದ್ದಳು. ತೋರಿಸಿ ತೋರಿಸಿ ಅವಳ ನೆನಪೇ ಗೋಡೆಯ ರೂಪಕ್ಕೆ ತಿರುಗಿಕೊಂಡಿತು. ಕಡ್ಡಿ ತೋಳಿನ ಮಗು ಅವಳ ತಲೆಯಿಂದ ಮೆಲ್ಲಗೆ ಇಳಿದುಹೋಗಿ, ಆ ಜಾಗದಲ್ಲಿ ದುಂಡು ಕೆನ್ನೆಯದು ಬಂದು ಕೂತಿತು. ತಾಯಿಯ ಮನಸ್ಸು ತನಗೆ ತಾನೇ ಮಾಡಿಕೊಂಡ ಉಪಕಾರ ಅದು. ಲಕ್ಷ್ಮಯ್ಯನಿಗೆ ಆ ಭಾಗ್ಯವಿರಲಿಲ್ಲ. ಎಷ್ಟು ಮೆತ್ತಿದೆನೆಂಬುದು ಅವನ ಕೈಗೆ ಗೊತ್ತಿತ್ತು.

ಎರಡು ವರ್ಷದ ಮೇಲೆ ಒಂದು ದಿನ ಶೀನಣ್ಣ ಹೇಳಿ ಕಳಿಸಿದರು. ಕೈಯಲ್ಲಿ ಪತ್ರಿಕೆಯಿತ್ತು. "ಕಾನೂನು ಬಂದಿದೆಯಪ್ಪ. ಇನ್ಮೇಲೆ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಇಲ್ಲ, ಡಬ್ಬಿ ಮೇಲೆ ಮಗು ಚಿತ್ರ ಇಲ್ಲ, ಪುಕ್ಕಟೆ ಹಂಚೋ ಹಾಗೂ ಇಲ್ಲ. ಅಳಿಸ್ಬಿಡು."

ಲಕ್ಷ್ಮಯ್ಯ ತಲೆಯಾಡಿಸಿದ. ಶೀನಣ್ಣ ಗೋಡೆಯ ಬುಡದ ಸಣ್ಣ ಇಂಗ್ಲಿಷ್ ಅಕ್ಷರಗಳ ಸಾಲನ್ನು ಬೆರಳಿನಿಂದ ತೋರಿಸುತ್ತ, "ಅಲ್ಲಯ್ಯ, ಕೆಳಗಡೆ ನೀನೇ ಬರೆದಿದೀಯಲ್ಲ, ತಾಯಿ ಹಾಲೇ ಮಗೂಗೆ ಶ್ರೇಷ್ಠ ಅಂತ. ಯಾರು ಬಗ್ಗಿ ನೋಡ್ತಾರೆ!" ಎಂದು ನಕ್ಕರು.

"ನಾನಾ ಸ್ವಾಮಿ?"

"ಇನ್ಯಾರು, ನಾನಾ?"

ಲಕ್ಷ್ಮಯ್ಯ ಬಗ್ಗಿ ಕೂತು ಆ ಸಾಲನ್ನು ಬಹಳ ಹೊತ್ತು ನೋಡಿದ. ಎಷ್ಟು ಮುದ್ದಾಗಿ ಬರೆದಿದ್ದ! ಒಂದಾದರೂ ಅಕ್ಷರ ಸೊಟ್ಟಗಿಲ್ಲ. ಅದನ್ನು ಬರೆದ ದಿನ ವಿಶಾಲಮ್ಮನ ಎದೆಯಲ್ಲಿ ಇನ್ನೂ ಹಾಲಿತ್ತು.

ಎನಾಮೆಲ್ ಬಣ್ಣವನ್ನು ಅಳಿಸಬೇಕಾದರೆ ಮೊದಲು ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜದೆ ಅದರ ಮೇಲೆ ಬಳಿದ ಸುಣ್ಣ ಹಿಡಿದು ನಿಲ್ಲುವುದಿಲ್ಲ, ಇದು ಕಸಬಿನ ಮೊದಲ ಪಾಠ. ಲಕ್ಷ್ಮಯ್ಯ ಉಪ್ಪುಕಾಗದ ಹಿಡಿದು ಏಣಿ ಹತ್ತಿದ. ಮಗು ಅವನನ್ನೇ ನೋಡಿ ನಗುತ್ತಿತ್ತು. ಆ ಮುಖವನ್ನು ಉಜ್ಜಲು ಕೈ ಬರಲಿಲ್ಲ. ಕಾಗದವನ್ನು ಜೇಬಿಗೆ ಸೇರಿಸಿ, ಮಲಗಿದ ಮಗುವಿಗೆ ದುಪ್ಪಟಿ ಹೊದಿಸುವ ಹಾಗೆ, ಮೇಲಿನಿಂದ ಸುಣ್ಣ ಬಳಿದು ಇಳಿದುಬಂದ. ಅದು ಉದುರುವುದಕ್ಕೆ ಮೊದಲೇ ಗೋಡೆಗೆ ಚೌಕಟ್ಟು ಹೊಡೆದು ತಗಡಿನ ಬೋರ್ಡು ಹಾಕಿದರು. ತಗಡು ಹೋಗಿ ಅದೇ ಚೌಕಟ್ಟಿಗೆ ಫ್ಲೆಕ್ಸ್ ಬಂತು. ಫ್ಲೆಕ್ಸ್ ಬಂದ ಮೇಲೆ ಲಕ್ಷ್ಮಯ್ಯನಂಥವರ ಬ್ರಷ್ಷುಗಳೇ ಒಣಗಿದವು. ಅವನು ಮನೆಗಳಿಗೆ ಡಿಸ್ಟೆಂಪರ್ ಹೊಡೆದು, ಗೇಟುಗಳಿಗೆ ಬಣ್ಣ ಬಳಿದು ಸಂಸಾರ ದಾಟಿಸಿದ. ಆ ಬೀದಿಯಲ್ಲಿ ಹೋಗುವಾಗ ಮಾತ್ರ ಬೋರ್ಡಿನ ಕಡೆ ತಿರುಗಿ, ಮಲಗಿದ್ದಾಳೆ ಎಂದುಕೊಂಡು ಮುಂದೆ ಹೋಗುತ್ತಿದ್ದ.

ಈ ವರ್ಷ ಯುಗಾದಿ ಕಳೆದ ಮೇಲೆ ಬಂದ ಮೊದಲ ಗಾಳಿಮಳೆಗೆ ಫ್ಲೆಕ್ಸು ಚೌಕಟ್ಟಿನ ಸಮೇತ ಕೆಳಗೆ ಬಿತ್ತು. ಬೀಳುವಾಗ ಸುಣ್ಣದ ಚಕ್ಕೆಗಳನ್ನೂ ಎಳೆದುಕೊಂಡು ಬಿತ್ತು. ಬೆಳಗಾಗುವ ಹೊತ್ತಿಗೆ ಗೋಡೆಯ ಮೇಲೆ ಮಗು ಎದ್ದು ಕೂತಿತ್ತು. ತೊಯ್ದ ಎನಾಮೆಲ್ ಮೇಲೆ ಬಿಸಿಲು ಬಿದ್ದು ಕೆನ್ನೆ ಫಳಫಳ ಹೊಳೆಯುತ್ತಿತ್ತು.

ಸುದ್ದಿ ಕೇಳಿ ಲಕ್ಷ್ಮಯ್ಯ ಓಡಿಹೋಗಿ ನೋಡಿದ. ಅವನಿಗೆ ಅಳು ಬಂತು, ಸಂತೋಷವೂ ಆಯಿತು. ಸುತ್ತ ಹುಡುಗಹುಡುಗಿಯರು ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. 'ಹಳೇ ಬೆಂಗಳೂರಿನ ಡಬ್ಬಿ ಪಾಪು' ಎಂಬ ಹೆಸರಿನಲ್ಲಿ ಆ ಚಿತ್ರ ಊರೆಲ್ಲ ಸುತ್ತಿ, ಎರಡು ದಿನದಲ್ಲಿ ಯಶಶ್ರೀಯ ಮೊಬೈಲಿಗೂ ಬಂತು.

ಬಂದದ್ದು ಕೆಟ್ಟ ಗಳಿಗೆಯಲ್ಲಿ. ಸಂಜೆಯಾದರೆ ಸಾಕು, ಅವಳ ಮಗು ರಚ್ಚೆ ಹಿಡಿಯುತ್ತಿತ್ತು. ಹಾಲು ಸಾಲುತ್ತಿಲ್ಲ ಎಂಬ ಕೊರಗು ಅವಳಿಗೆ. ತೂಕ ಸರಿಯಾಗಿದೆ, ಸಂಜೆಯ ಅಳು ಈ ವಯಸ್ಸಿನಲ್ಲಿ ಸಹಜ, ಪುಡಿ ಬೇಕಾದರೆ ನಾನೇ ಬರೆದುಕೊಡುತ್ತೇನೆ ಎಂದು ಮಕ್ಕಳ ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಮೊಬೈಲಿನಲ್ಲಿ ಹೊಸ ತಾಯಂದಿರದೊಂದು ಗುಂಪಿತ್ತು. ಯಾವುದೋ ಶಿಬಿರದಲ್ಲಿ ನಂಬರು ಬರೆದುಕೊಟ್ಟಿದ್ದಕ್ಕೆ ಅವಳನ್ನೂ ಸೇರಿಸಿಕೊಂಡಿದ್ದರು. ಅಲ್ಲಿ 'ಪೋಷಣೆ ಅಕ್ಕ' ಎಂಬವಳೊಬ್ಬಳು ದಿನಾ ಮಾತಾಡುತ್ತಿದ್ದಳು. ನಿಮ್ಮ ಮಗುವಿಗೆ ನಿಜವಾಗಿ ಹೊಟ್ಟೆ ತುಂಬುತ್ತಿದೆಯೇ ಎಂದು ಮಮತೆಯಿಂದ ಕೇಳುವಳು. ಯಾವ ಕಂಪನಿಯ ಹೆಸರನ್ನೂ ಎತ್ತಳು, ಖಾಸಗಿಯಾಗಿ ಕೇಳಿದವರಿಗೆ ಮಾತ್ರ ಕೂಪನ್ ಕಳಿಸುವಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗೋಡೆಯಾದರೆ ಸುಣ್ಣ ಹೊಡೆಯಬಹುದು, ಈ ಅಕ್ಕನಿಗೆ ಏನು ಹೊಡೆಯುತ್ತೀರಿ? ಯಶಶ್ರೀಯ ಗಂಡ ಮನೋಹರ್ ಕೂಪನ್ ಹಾಕಿ ಒಂದು ಡಬ್ಬಿ ತರಿಸಿದ್ದ. ಅದು ಫ್ರಿಜ್ಜಿನ ಮೇಲೆ ಸೀಲು ಒಡೆಯದೆ ಕೂತಿತ್ತು.

ಶನಿವಾರ ಮಧ್ಯಾಹ್ನ ಯಶಶ್ರೀ ಮೊಬೈಲನ್ನು ತಾಯಿಯ ಮುಖದ ಹತ್ತಿರ ಹಿಡಿದಳು. "ಅಮ್ಮಾ, ನೀನು ಹೇಳ್ತಿದ್ಯಲ್ಲ ಗೋಡೆ, ಇದೇನಾ? ಇದು ನಾನಾ?"

"ನೀನೇ ಕಣೇ!" ವಿಶಾಲಮ್ಮನ ಮುಖ ಅರಳಿತು. "ಕೆನ್ನೆ ನೋಡು, ಎಷ್ಟು ಲಕ್ಷಣವಾಗಿದ್ದೆ. ಎಲ್ಲಾ ಆ ಡಬ್ಬಿ ಹಾಲು."

"ನಾನು ಕುಡ್ದು ಇಷ್ಟು ಚೆನ್ನಾಗಿದ್ದೆ ಅಂದ್ಮೇಲೆ ಇವಳಿಗೇನಾಗತ್ತೆ? ಸುಮ್ನೆ ಹೆದರ್ತಿದೀನಿ ನಾನು. ನಾಳೆ ಅವರು ಬರ್ತಾರೆ, ಡಬ್ಬಿ ತೆಗೆದು ಶುರು ಮಾಡ್ಬಿಡೋಣ."

ಬಾಗಿಲ ಹತ್ತಿರ ಕೂತಿದ್ದ ಲಕ್ಷ್ಮಯ್ಯ ತಟ್ಟನೆ ಇತ್ತ ತಿರುಗಿದ. "ನೀನು ಹಂಗಿರ್ಲಿಲ್ಲ ಮಗಳೇ," ಎಂದ.

"ಏನಪ್ಪಾ ನೀನು, ಗೋಡೆ ಮೇಲೇ ಇದೆಯಲ್ಲ. ನೀನೇ ಬರೆದಿದ್ದಂತೆ!"

"ನಿಮ್ಮಪ್ಪಂಗೆ ಅರವತ್ತಕ್ಕೆ ಅರಳುಮರಳು ಬಿಡು," ಎಂದಳು ವಿಶಾಲಮ್ಮ.

ಜೀವಮಾನವಿಡೀ ಕೈಯಿಂದ ಮಾತಾಡಿದ ಲಕ್ಷ್ಮಯ್ಯ ಬಾಯಿ ಎಲ್ಲಿಂದ ತರಬೇಕು? ಅದೇ ಹೊತ್ತಿಗೆ ಫೋನು ಬಂತು. ಈಗ ಅಂಗಡಿ ನೋಡಿಕೊಳ್ಳುವ, ಶೀನಣ್ಣನವರ ಮಗ ಶ್ರೀಹರಿ.

"ಲಕ್ಷ್ಮಯ್ಯನವರೇ, ದಯವಿಟ್ಟು ಬಂದು ಆ ಮಗೂನ ಅಳಿಸ್ಕೊಡಿ. ಇನ್‌ಸ್ಪೆಕ್ಟರ್ ನೋಡಿದ್ರೆ ನನ್ನ ತಲೆಗೆ ಬರತ್ತೆ. ಅದು ಹಾಗಿರ್ಲಿ, ಜನ ಬಂದು ಗೋಡೆ ಮೇಲಿರೋ ಡಬ್ಬಿ ಕೊಡಿ ಅಂತಿದಾರೆ! ಆ ಕಂಪನಿ ಮುಚ್ಚಿ ಯಾವ ಕಾಲ ಆಯ್ತು!"

ಕಂಪನಿ ಸತ್ತರೂ ಕೆನ್ನೆ ಸಾಯಲಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆಂದು ಹೇಳಿ ಲಕ್ಷ್ಮಯ್ಯ ಚಾಪೆಯ ಮೇಲೆ ಉರುಳಿಕೊಂಡ. ಹೊರಗೆ ಬಿಸಿಲು ಜೋಂಪು ಹಿಡಿದು ನಿಂತಿತ್ತು, ಒಳಗೆ ಬಾಣಂತಿಯ ಕೋಣೆಯಿಂದ ಸಾಂಬ್ರಾಣಿಯ ಹೊಗೆ ತೆಳ್ಳಗೆ ಹರಿದು ಬರುತ್ತಿತ್ತು. ಆ ಹೊಗೆಯಲ್ಲಿ ನಡೆದುಕೊಂಡು ಗೋಡೆಯ ಮಗು ಬಂತು. ಬಂದು ಅವನ ದಿಂಬಿನ ಪಕ್ಕದಲ್ಲಿ ಕೂತಿತು. ಮೈಯಿಂದ ಟರ್ಪೆಂಟೈನಿನ ವಾಸನೆ ಬರುತ್ತಿತ್ತು. ಅದು ಚಮಚವನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು, "ಅಪ್ಪಾ, ಭಾರ," ಎಂದಿತು. "ಇದು ನಂದಲ್ಲ. ತಗೊಂಡ್ಬಿಡು."

ಎಚ್ಚರವಾದಾಗ ಅವನಿಗೆ ಏನು ಮಾಡಬೇಕೆಂಬುದು ತಿಳಿದಿತ್ತು. "ಯಶು," ಎಂದು ಕರೆದ. "ಬೆಳಿಗ್ಗೆ ಗೋಡೆ ಅಳಿಸ್ತೀನಿ. ಅದಕ್ಕೂ ಮುಂಚೆ ಒಂದ್ಸಲ ನೋಡ್ಕೊ. ಅಮ್ಮನ್ನ ಕರ್ಕೊಂಡು ಆಟೋದಲ್ಲಿ ಬಂದ್ಬಿಡು. ಮಗೂನೂ ಎತ್ಕೊಂಡು ಬಾ."

ಭಾನುವಾರ ಬೆಳಕು ಹರಿಯುವಾಗಲೇ ಲಕ್ಷ್ಮಯ್ಯ ಏಣಿಯ ಮೇಲಿದ್ದ. ಬೀದಿ ಖಾಲಿ. ಹಾಲಿನ ಗಾಡಿಯೊಂದು ಬಂದು ಹೋಯಿತು. ಅಟ್ಟದಿಂದ ಇಳಿಸಿದ ಹಳೆಯ ಬ್ರಷ್ಷು ಎಣ್ಣೆಯಲ್ಲಿ ನೆನೆದು ಮೆತ್ತಗಾಗಿತ್ತು. ಕಂದು ಬಣ್ಣಕ್ಕೆ ಚೂರು ನೀಲಿ ಬೆರೆಸಿ ಅವನು ಮೊದಲು ಎಡಗೆನ್ನೆಯ ಕೆಳಗೆ ನೆರಳು ಎಳೆದ. ಕೆನ್ನೆ ಒಳಗೆ ಹೋಯಿತು. ಆಮೇಲೆ ಬಲಗೆನ್ನೆ. ಅಷ್ಟು ವರ್ಷದ ಹಿಂದೆ ಎಲ್ಲೆಲ್ಲಿ ಎಷ್ಟೆಷ್ಟು ಸೇರಿಸಿದ್ದನೋ ಅದನ್ನೆಲ್ಲ ಕೈ ತಾನಾಗಿ ಹುಡುಕಿ ಹುಡುಕಿ ತೆಗೆಯಿತು. ಕತ್ತು ಸಣ್ಣಗಾಯಿತು, ಪಕ್ಕೆಲುಬು ಕಂಡಿತು, ಚಮಚ ಹಿಡಿದ ತೋಳು ಕಡ್ಡಿಯಾಯಿತು. ಮುಖ ಚಿಕ್ಕದಾದಂತೆ ಕಣ್ಣು ದೊಡ್ಡವಾದವು. ಅವನು ಕಣ್ಣಿಗೆ ಕೈ ಹಚ್ಚಲಿಲ್ಲ. ಕಣ್ಣು ಮೊದಲಿನಿಂದಲೂ ಅವಳವೇ ಆಗಿದ್ದವು.

ಆಟೋ ಬಂದು ನಿಂತಿತು. ಮೊದಲು ಇಳಿದ ವಿಶಾಲಮ್ಮ ಗೋಡೆ ನೋಡಿದವಳೇ ಅಲ್ಲೇ ನಿಂತುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅವಳೊಳಗೆ ಎಲ್ಲೋ ಒಂದು ಸುಣ್ಣದ ಚಕ್ಕೆ ಉದುರಿತು.

"ಯಾರಮ್ಮ ಇದು?" ಹಿಂದಿನಿಂದ ಮಗುವನ್ನೆತ್ತಿಕೊಂಡು ಬಂದ ಯಶಶ್ರೀ ಕೇಳಿದಳು. "ಆ ಪಾಪು ಎಲ್ಲಿ?"

"ಇದೇ ಕಣೇ," ಎಂದಳು ವಿಶಾಲಮ್ಮ. "ಹಿಂಗೇ ಇದ್ದೆ ನೀನು. ಅಯ್ಯೋ ನನ್ನ ಕಂದ... ಆಸ್ಪತ್ರೆಗೆ ಎತ್ಕೊಂಡು ಓಡಿದಾಗ ಹಿಂಗೇ ಇದ್ದೆ. ಹೆಂಗೆ ಮರೆತೆನೋ ನಾನು!"

ಲಕ್ಷ್ಮಯ್ಯ ಏಣಿಯಿಂದ ಇಳಿದು ಬಂದ. ಕೈ ಒರೆಸಿಕೊಂಡ. "ದಪ್ಪಗಿದ್ದಿದ್ದು ಬಣ್ಣ ಮಗಳೇ. ನಿನ್ನದಲ್ಲ. ಡಬ್ಬಿ ವಿಷ ಅಂತ ನಾನು ಹೇಳಲ್ಲ, ಬೇಕಾದ ಮಗೂಗೆ ಬೇಕು, ಡಾಕ್ಟ್ರು ಹೇಳ್ತಾರೆ. ನಿಂಗೆ ಬೇಕಿರ್ಲಿಲ್ಲ. ಅಮ್ಮನ ಹತ್ರ ಹಾಲಿತ್ತು. ಪುಕ್ಕಟೆ ಬಂತು ಅಂತ ಕೊಟ್ವಿ, ಆಮೇಲೆ ನೀರು ಜಾಸ್ತಿ ಮಾಡಿದ್ವಿ. ನೀನು ಹೋಗೇಬಿಡ್ತಿದ್ದೆ."

ಯಶಶ್ರೀ ಗೋಡೆಯ ಹತ್ತಿರ ಹೋಗಿ ಆ ಸಣ್ಣ ಮುಖವನ್ನು ನೋಡಿದಳು. ತೋಳಿನಲ್ಲಿದ್ದ ಮಗಳ ಮುಖವನ್ನು ನೋಡಿದಳು. ಬುಡದ ಸಣ್ಣ ಸಾಲಿನ ಮೇಲೆ ಅವಳ ಕಣ್ಣು ಹೋಯಿತು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಓದಿಕೊಂಡು ತಂದೆಯ ಕಡೆ ತಿರುಗಿದಳು, ಅವನು ಹೌದೆಂಬಂತೆ ತಲೆಯಾಡಿಸಿದ. ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ಅವಳು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ವೇಲ್ ಹೊದ್ದುಕೊಂಡಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಅಳು ನಿಂತು, ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಅಲ್ಲಿದ್ದ ನಾಲ್ವರ ಪೈಕಿ ಮೂವರಿಗೆ ಕಣ್ಣು ಒದ್ದೆಯಾಗಿತ್ತು, ನಾಲ್ಕನೆಯವಳಿಗೆ ಪುರುಸೊತ್ತಿರಲಿಲ್ಲ.

"ಅಪ್ಪಾ," ಎಂದಳು ಯಶಶ್ರೀ ಕೊನೆಗೆ, "ಅಳಿಸೋ ಮುಂಚೆ ಒಂದು ಫೋಟೊ ತಗೊಳ್ಲಾ? ನಂದು ಪಾಪು ಫೋಟೊ ಒಂದೂ ಇಲ್ಲ."

ತಗೋ ಎಂದ ಲಕ್ಷ್ಮಯ್ಯ. ಅವಳು ಮಲಗಿದ ಮಗಳನ್ನು ಹೆಗಲಿಗೆ ಹಾಕಿಕೊಂಡು ಒಂದೇ ಒಂದು ಫೋಟೊ ತೆಗೆದಳು. "ಡಬ್ಬಿ ವಾಪಸ್ ಕಳಿಸ್ತೀನಿ, ಇನ್ನೂ ಸೀಲ್ ಒಡೆದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ತಾಯಿಯ ಕೈ ಹಿಡಿದುಕೊಂಡು ಆಟೋ ಹತ್ತಿದಳು.

ಬೀದಿಗೆ ಬಿಸಿಲು ಬಂತು. ಹೂವಿನವಳು ಬುಟ್ಟಿ ಇಳಿಸಿದಳು. ಲಕ್ಷ್ಮಯ್ಯ ಸುಣ್ಣದ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಉಪ್ಪುಕಾಗದ ತೆಗೆದು ಏಣಿ ಹತ್ತಿದ. ಈ ಸಲ ಅವನು ಮೊದಲು ಉಜ್ಜಿದ.